ಮುರಿದು ನೋಡದ ದಂಟು

ಅತ್ತಿಗೆ,

"ನಾವೆಲ್ಲ ಇಲ್ಲಿ ಕ್ಷೇಮ" ಎಂದು ಶುರು ಮಾಡುವುದಿಲ್ಲ. ನೀವು ಕ್ಷೇಮವಾಗಿಲ್ಲ ಎಂಬುದು ಗೋಡೆಯ ಈಚೆಗೂ ಕೇಳಿಸುತ್ತಿದೆ. ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಕೂತು ನೀವು ಏನನ್ನೋ ಮುರಿಯುತ್ತಿದ್ದೀರಿ. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಬಹುಶಃ ನನ್ನ ಪೆನ್ಸಿಲ್ಲು. ನಿನ್ನೆ ಪೊರಕೆಕಡ್ಡಿ ಆಯಿತು, ಮೊನ್ನೆ ಎಳನೀರಿನ ಜೊತೆ ಬಂದ ಪ್ಲಾಸ್ಟಿಕ್ ಕೊಳವೆ. ಮುರಿದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಪಕ್ಕಕ್ಕಿಟ್ಟು, ಇನ್ನೊಂದನ್ನು ಎತ್ತಿಕೊಳ್ಳುತ್ತೀರಿ. ಮರೆವಿನ ಕಾಯಿಲೆಯವರು ಹೀಗೆ ಅರ್ಥವಿಲ್ಲದ ಕೆಲಸವನ್ನು ಮಾಡಿದ್ದೇ ಮಾಡುತ್ತಾರೆ ಎಂದರು ಡಾಕ್ಟರು. ಅರ್ಥವಿಲ್ಲದ ಕೆಲಸವಂತೆ! ನಾನು ತಲೆಯಾಡಿಸಿ ಎದ್ದು ಬಂದೆ. ಅರ್ಥ ನನಗೆ ಗೊತ್ತಿದೆ. ಗೊತ್ತಿದ್ದೂ ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಮೈಕಿನ ಮುಂದೆ ಮಾತ್ರ ತೆರೆಯುವ ಬಾಯಿ ನನ್ನದು ಎಂದು ನೀವೇ ಅನ್ನುತ್ತಿದ್ದಿರಲ್ಲ.

ಓದಲು ಬಾರದ ನಿಮಗೆ ಪತ್ರ ಯಾಕೆ ಎಂದರೆ, ಇದನ್ನು ಅಚ್ಚು ಹಾಕಿಸುತ್ತಿದ್ದೇನೆ. ಆ ಹೋರಾಟದ ಹಸಿವಿನ ಬಗ್ಗೆ ಬರೆದ ನನ್ನ ಪುಸ್ತಕ ಆರನೇ ಸಲ ಅಚ್ಚಾಗುತ್ತಿದೆ, ಹೊಸ ಮುನ್ನುಡಿ ಬೇಕು ಎಂದರು ಪ್ರಕಾಶಕರು. ಇದೇ ಮುನ್ನುಡಿ. ಮುಖಪುಟದ ಚಿತ್ರ ತೆಗೆಯಿರಿ ಎಂದೂ ಹೇಳಿದೆ. "ಮೇಡಂ, ಆ ಚಿತ್ರ ನೋಡೇ ಜನ ಪುಸ್ತಕ ಕೈಗೆತ್ಕೊಳ್ಳೋದು" ಎಂದು ಅವರು ಗೋಳಾಡಿದರು. ಅದೇ ಕಾರಣಕ್ಕೆ ತೆಗೆಯಿರಿ ಎಂದೆ.

ಆ ಚಿತ್ರದಲ್ಲಿ ಇರುವವರು ನೀವು. ನಿಮ್ಮ ಸೊಂಟದ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಗೋಣಿ ಸೊಪ್ಪು, ಬುಟ್ಟಿಯ ಮೇಲಿನ ಬಟ್ಟೆಯನ್ನು ಕಿತ್ತು ಹಿಡಿದಿರುವ ಒಂದು ಕೈ. ಕೈ ಮಾತ್ರ ಕಾಣುತ್ತದೆ, ಕೈಯ ಒಡತಿ ಕಾಣುವುದಿಲ್ಲ. ಅವಳು ನಾನು. ನಿಮ್ಮ ಕಣ್ಣಿನಲ್ಲಿರುವುದು ಹಸಿದವರ ಆಕ್ರೋಶ ಎಂದು ವಿಮರ್ಶಕರು ಪುಟಗಟ್ಟಲೆ ಬರೆದರು. ಅದು ಆಕ್ರೋಶವಲ್ಲ, ಗಾಬರಿ. "ಮುಚ್ಚೇ, ಮುಚ್ಚು" ಎನ್ನುತ್ತಿದ್ದಿರಿ ನೀವು ಆ ಗಳಿಗೆಯಲ್ಲಿ.

ಓದುವವರಿಗಾಗಿ ಮೊದಲಿನಿಂದ ಹೇಳುತ್ತೇನೆ, ನೀವು ಬೇಸರ ಮಾಡಿಕೊಳ್ಳಬೇಡಿ.

ಬಾಟಲಿ ಕಾರ್ಖಾನೆಯ ಹಿಂದೆ ನಮ್ಮ ಲೈನು ಮನೆಗಳು. ಒಂದು ಸಾಲಿಗೆ ಇಪ್ಪತ್ತು ಬಾಗಿಲು, ಒಂದು ನಲ್ಲಿ, ನಲ್ಲಿಯ ಮುಂದೆ ಇಪ್ಪತ್ತು ಬಾಯಿ. ಅಣ್ಣ ಕುಲುಮೆಯಲ್ಲಿ ಗಾಜು ಊದುತ್ತಿದ್ದ. ನಮ್ಮಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಅದೇ ವರ್ಷ ಆ ಮನೆಗೆ ಕಾಲಿಟ್ಟ ನಿಮಗೆ ಹತ್ತೊಂಬತ್ತು. ಬಂದ ಮಾರನೇ ದಿನವೇ ನನ್ನ ಹೇನು ತೆಗೆಯಲು ಕೂತಿರಿ. ಮೂರನೇ ದಿನ ನನಗೆ ಹೆಸರಿಟ್ಟಿರಿ: "ಏ ಭಾಷಣ, ಹರಟಿದ್ದು ಸಾಕು, ನೀರು ಹಿಡ್ಕೊಂಡು ಬಾ." ಆ ಹೆಸರೇ ಉಳಿಯಿತು. ನಾನು ನಿಜವಾಗಿಯೂ ಭಾಷಣವೇ ಆದೆ.

ಕಾರ್ಖಾನೆಗೂ ಗೂಡ್ಸ್ ರೈಲಿನ ಹಳಿಗೂ ನಡುವೆ ಒಂದು ಉದ್ದನೆಯ ಬರಡು ಪಟ್ಟಿ. ಬೂದಿ, ಒಡೆದ ಗಾಜು, ಎಣ್ಣೆ ಕುಡಿದ ಮಣ್ಣು. ಅಲ್ಲಿ ಸೊಪ್ಪು ಬೆಳೆಯುತ್ತದೆ ಎಂದು ಕಾರ್ಖಾನೆಯ ಯಾವ ಸಾಹೇಬನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಲೈನಿನ ಐದಾರು ಹೆಂಗಸರಿಗೆ ಗೊತ್ತಿತ್ತು. ಹಳಿಯ ಪಕ್ಕದ ಕಂಬಗಳನ್ನು ಲೆಕ್ಕ ಇಟ್ಟು ಒಬ್ಬೊಬ್ಬರಿಗೆ ಒಂದೊಂದು ತುಂಡು. ಹದಿನಾಲ್ಕನೇ ಕಂಬದಿಂದ ಹದಿನೇಳರವರೆಗೆ ನಿಮ್ಮದು. ಅಣ್ಣನ ಹಳೆಯ ಕುಲುಮೆ ಗವಸನ್ನು ಎಡಗೈಗೆ ಹಾಕಿಕೊಂಡು ಗಾಜು ಸರಿಸುತ್ತಿದ್ದಿರಿ, ಬಲಗೈ ಬರಿಗೈ. "ಗವಸಿಗೆ ಏನ್ ಗೊತ್ತಾಗತ್ತೆ? ಬೆರಳಿಗೆ ಗೊತ್ತಾಗ್ಬೇಕು." ಮೂರು ಕುಡಿ ಇದ್ದರೆ ಒಂದು ಚಿವುಟಬೇಕು. ಬೇರಿಗೆ ಕೈ ಹಾಕಬಾರದು. ಪ್ರತಿ ದಂಟನ್ನೂ ಮುರಿದು ನೋಡಬೇಕು. ನೀರು ಜಿನುಗಿದರೆ ಊಟ, ಹಾಲು ಜಿನುಗಿದರೆ ಅದು ಕಳ್ಳ ಸೊಪ್ಪು. ಕಳ್ಳ ಸೊಪ್ಪೂ ಅದೇ ಥರ ನೆಲಕ್ಕೆ ಅಂಟಿ ಹರಡುತ್ತದೆ, ಅದೇ ಕೆಂಪು ದಂಟು, ಒಂದರ ಮೈಮೇಲೆ ಇನ್ನೊಂದು. ಹೊಟ್ಟೆಗೆ ಹೋದರೆ ಕರುಳು ಹಿಂಡುತ್ತದೆ. ಹೊಸಬಳು ಯಾರಾದರೂ ಕಲಿಯಲು ಬಂದರೆ ಒಂದು ಮಳೆಗಾಲವಿಡೀ ನಿಮ್ಮ ಹಿಂದೆ ಸುಮ್ಮನೆ ನಡೆಯಬೇಕಿತ್ತು. ಎರಡನೇ ಮಳೆಗಾಲಕ್ಕೆ ಅವಳ ಕೈಗೆ ಬುಟ್ಟಿ. ವಾಪಸ್ ಬರುವಾಗ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಬೇಕು. ಅದೇ ಕೊನೆಯ ನಿಯಮ.

ಆ ಬಟ್ಟೆಯನ್ನು ನಾನು ನಾಚಿಕೆ ಎಂದು ಓದಿಕೊಂಡೆ. ಬಡತನವನ್ನು ಮುಚ್ಚಿಡುವ ಗುಲಾಮಗಿರಿ ಎಂದು ಓದಿಕೊಂಡೆ. ಆಗ ನನಗೆ ಇಪ್ಪತ್ತೆರಡು. ಕಾರ್ಮಿಕ ಸಂಘದ ಅಧ್ಯಯನ ಶಿಬಿರ ಮುಗಿಸಿ ಬಂದಿದ್ದೆ, ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಉಳಿದಿರಲಿಲ್ಲ. ಯಾಕೆ ಮುಚ್ಚುತ್ತೀರಿ ಎಂದು ಒಂದೇ ಒಂದು ಸಲ ನಿಮ್ಮನ್ನು ಕೇಳಿದ್ದರೆ ಆಗುತ್ತಿತ್ತು. ಜನರಿಂದ ಕಲಿಯಬೇಕು ಎಂದು ಗೋಡೆಯ ಮೇಲೆ ನಾನೇ ಬರೆದಿದ್ದೆ, ಮೊಳದುದ್ದದ ಅಕ್ಷರದಲ್ಲಿ. ಮನೆಯಲ್ಲಿ ಕೂತ ಜನರನ್ನು ಮಾತ್ರ ಕೇಳಲಿಲ್ಲ.

ಕೂಲಿ ಕಡಿತದ ವಿರುದ್ಧ ಎದ್ದ ಐದನೇ ದಿನಕ್ಕೆ ಕಂಪನಿ ಗೇಟಿಗೆ ಬೀಗ ಜಡಿಯಿತು. ಕಂಪನಿಯ ಅಂಗಡಿಯೂ ಮುಚ್ಚಿತು. ತಿಂಗಳುಗಳು ಉರುಳಿದವು. ಐದನೇ ತಿಂಗಳಲ್ಲಿ ಲೈನಿನ ಒಲೆಗಳಲ್ಲಿ ಅರ್ಧ ತಣ್ಣಗಿದ್ದವು. ಸಂಘದ ಗಂಜಿ ಪಾತ್ರೆಯಲ್ಲಿ ಗಂಜಿಗಿಂತ ನೀರೇ ಜಾಸ್ತಿ. ಆ ನೀರಿಗೆ ಹಸಿರು ಬಂದದ್ದು ನಿಮ್ಮ ಬುಟ್ಟಿಯಿಂದ. ರೇಡಿಯೋ ಅಜ್ಜಿ ಪಾತ್ರೆಗೆ ಬಗ್ಗಿ ಮೂಗರಳಿಸಿ, "ಇವತ್ತಿನ ವಾರ್ತೆ: ಗಂಜಿಯಲ್ಲಿ ಒಂದು ಎಲೆ ಕಂಡುಬಂದಿದೆ" ಎಂದು ಸಾಲಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ನಮ್ಮ ಸಾಲಿನ ಫಿಟ್ಟರನ ತಾಯಿ ಅವರು. ಹಲ್ಲಿಲ್ಲದ ಬಾಯಿ, ಲೈನಿನ ಸುದ್ದಿಯೆಲ್ಲ ಆ ಬಾಯಿಂದಲೇ ಪ್ರಸಾರ. ನೀವು ಅವರ ತಟ್ಟೆಗೆ ಎಳೆಯ ಕುಡಿಗಳನ್ನೇ ಹುಡುಕಿ ಹಾಕುತ್ತಿದ್ದಿರಿ.

ಆಗಲೇ ಪಟ್ಟಣದ ಪತ್ರಿಕೆಯವರು ಬಂದರು. ಗೇಟಿನ ಮುಂದೆ ಸಭೆ, ನನ್ನ ಕೈಯಲ್ಲಿ ಮೈಕು. ಹಳಿ ದಾಟಿ ನೀವು ಬರುತ್ತಿದ್ದುದು ಕಾಣಿಸಿತು. ನಾನು ವೇದಿಕೆಯಿಂದ ಹಾರಿ, ನಿಮ್ಮ ತೋಳು ಹಿಡಿದು ಕ್ಯಾಮೆರಾದ ಮುಂದೆ ಎಳೆದು ನಿಲ್ಲಿಸಿ ಬಟ್ಟೆ ಕಿತ್ತೆ. ನೀವು ಮುಚ್ಚು ಅಂದಿರಿ. ನಾನು ಆ ಮಾತನ್ನೂ ಮೈಕಿಗೆ ಕೊಟ್ಟೆ. "ನೋಡಿ, ನಮ್ಮ ಅತ್ತಿಗೆ ಮುಚ್ಚು ಅಂತಾರೆ! ಹಸಿವನ್ನೂ ಮುಚ್ಚಿಡಬೇಕಂತೆ! ಇನ್ನು ಮುಚ್ಚಲ್ಲ!" ಚಪ್ಪಾಳೆ, ಶಿಳ್ಳೆ. ನಿಮ್ಮ ಕಿವಿ ಕೆಂಪಾದದ್ದನ್ನು ನೋಡಿದೆ. ಜನರೆದುರು ನಿಂತ ಸಂಕೋಚ ಅಂದುಕೊಂಡೆ.

ಮಾರನೇ ದಿನ ಕರಪತ್ರ ಬರೆದೆ. ಅದರ ಒಂದೊಂದು ಸಾಲೂ ಇವತ್ತಿಗೂ ಬಾಯಿಪಾಠ. "ನೆಲ ಯಾರಪ್ಪನದೂ ಅಲ್ಲ. ಹದಿನಾಲ್ಕನೇ ಕಂಬದಿಂದ ಆಚೆ ಅನ್ನ ಬಿದ್ದಿದೆ. ಚೀಲ ತನ್ನಿ, ತುಂಬಿಕೊಳ್ಳಿ." ಕೆಳಗೆ ನನ್ನ ಹೆಸರಿರಲಿಲ್ಲ, ಹೋರಾಟ ಸಮಿತಿ ಎಂದಿತ್ತು. ಮುರಿದು ನೋಡುವ ವಿಷಯ ಒಂದಕ್ಷರ ಇರಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಬರೆಯಲು ಹೊರಟಿದ್ದೆ, ಘೋಷಣೆಯ ಓಘ ಕೆಡುತ್ತದೆ ಎಂದು ಬಿಟ್ಟೆ.

ನೀವು ಅಂದು ಹೊಗೆಯಾಡುವ ಒಲೆಯ ಮುಂದೆ ಕೂತು, ತಲೆ ಎತ್ತದೆ ಕೇಳಿದಿರಿ. "ಅವ್ರಿಗೆ ಹೇಳ್ಕೊಡೋರು ಯಾರೇ?" ಅತ್ತಿಗೆ, ಇದು ಚಳವಳಿ, ಪಾಠಶಾಲೆಯಲ್ಲ ಅಂದೆ ನಾನು. ನೀವು ಗವಸು ಹಾಕಿಕೊಂಡು ಹಳಿಯ ಕಡೆ ಓಡಿದಿರಿ. ಅಷ್ಟು ಹೊತ್ತಿಗೆ ಅಲ್ಲಿ ಇನ್ನೂರು ಜನ. ನಿಮ್ಮ ಐದಾರು ಹೆಂಗಸರು ಅವರ ನಡುವೆ ಅಡ್ಡಾಡುತ್ತ "ಮುರಿದು ನೋಡಿ, ಮುರಿದು ನೋಡ್ರಪ್ಪಾ" ಎಂದು ಗಂಟಲು ಹರಿದುಕೊಂಡರಂತೆ. ಚೀಲ ಹಿಡಿದು ಬಂದವರಿಗೆ ಒಂದೊಂದೇ ದಂಟು ಮುರಿಯುವ ವ್ಯವಧಾನ ಎಲ್ಲಿಯದು? "ಜಾಗ ನಿಮ್ದೇ ಅನ್ಕೊಂಡಿದ್ದೀರಾ? ಒಬ್ರೇ ತಿನ್ಬೇಕಾ?" ಎಂದು ನಿಮ್ಮನ್ನೇ ಹಂಗಿಸಿದರು. ಬೇರು ಸಮೇತ ಕಿತ್ತರು. ನಾಲ್ಕೇ ದಿನಕ್ಕೆ ಪಟ್ಟಿ ಬೋಳಾಯಿತು. ಮುರಿದು ನೋಡಲು ಕಲಿಯದವರ ಕಣ್ಣಿಗೆ ಬೀಳದಿರಲಿ ಎಂದೇ ನೀವು ಬಟ್ಟೆ ಮುಚ್ಚುತ್ತಿದ್ದುದು ಎಂದು ಆಗ ಹೊಳೆಯಿತು. ಎರಡನೇ ದಿನಕ್ಕೇ ಲೈನಿನಲ್ಲಿ ವಾಂತಿ ಶುರುವಾಗಿತ್ತು.

ಹನ್ನೊಂದು ಮನೆ. ಹತ್ತು ಮನೆಯವರು ಎದ್ದು ಕೂತರು. ಐದು ತಿಂಗಳ ನೀರುಗಂಜಿಯಲ್ಲಿ ಒಣಗಿದ್ದ ರೇಡಿಯೋ ಅಜ್ಜಿಯ ಮೈಯಲ್ಲಿ ಎದ್ದು ಕೂರಲು ಏನೂ ಉಳಿದಿರಲಿಲ್ಲ. ಮೂರು ದಿನ ನೀವು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಉಪ್ಪುನೀರು ಹಾಕಿದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ಅಜ್ಜಿ ನಿಮ್ಮ ಕೈ ಹಿಡಿದು ಹೇಳಿದ್ದು ನನಗೂ ಕೇಳಿಸಿತು. "ಮುರಿದು ನೋಡ್ದೆ ಕಣೇ ನಾನು. ಹಾಲು ಬಂತು. ಹಾಲು ಬರೋ ಸೊಪ್ಪು, ಮೈಗೆ ಇನ್ನೂ ಒಳ್ಳೇದು ಅನ್ಕೊಂಡೆ." ಅದೇ ಅವರ ಕೊನೆಯ ವಾರ್ತೆ.

ಶವದ ಪಕ್ಕದಲ್ಲಿ ನಮ್ಮ ಕಾರ್ಯದರ್ಶಿ ನನ್ನನ್ನು ಮೂಲೆಗೆ ಕರೆದರು. "ಸೊಪ್ಪಿನ ಮಾತು ಎತ್ತಬೇಡ. ಹಸಿವಿನಿಂದ ಸತ್ರು ಅಂತ ಬರಿ. ಅದೇನು ಸುಳ್ಳಲ್ವಲ್ಲ?" ಸುಳ್ಳಲ್ಲ. ಇವತ್ತೂ ಹೇಳುತ್ತೇನೆ, ಕಂಪನಿ ಕೊಂದಿತು. ಗೇಟಿಗೆ ಬೀಗ ಹಾಕಿದವರು, ಅಂಗಡಿಗೆ ಬೀಗ ಹಾಕಿದವರು ಕೊಂದರು. ಆ ಪಾಪವನ್ನು ಅವರ ತಲೆಯಿಂದ ಒಂದು ಗುಲಗಂಜಿಯಷ್ಟೂ ಇಳಿಸುವುದಿಲ್ಲ ನಾನು. ಐದು ತಿಂಗಳು ಜನ ಹಸಿದಾಗ ಬಾರದ ಕರುಣೆ ಸಾವಿನ ಮಾರನೇ ದಿನ ಕಂಪನಿಗೆ ಬಂತು. "ವಿಷಸಸ್ಯಗಳಿವೆ, ಪ್ರವೇಶವಿಲ್ಲ" ಎಂದು ಫಲಕ ಹಾಕಿ, ಹಳಿಯುದ್ದಕ್ಕೂ ತಂತಿ ಬಿಗಿದು, ಕಳೆನಾಶಕ ಹೊಡೆಸಿದರು. ಥೂ! ಆದರೆ ಅವರು ತೋಡಿದ ಗುಂಡಿಯ ಅಂಚಿನಲ್ಲಿ ಒಂದು ಕೈ ಅಜ್ಜಿಯನ್ನು ತಳ್ಳಿತು. ಆ ಕೈಯೂ ಚಿತ್ರದಲ್ಲಿದೆ.

ಊರಿಗೆಲ್ಲ ಹಸಿವಿನ ಸಾವು. ಲೈನಿಗೆ ಮಾತ್ರ ಸೊಪ್ಪಿನ ಸಾವು. ನಲ್ಲಿಯ ಮುಂದೆ ಫಿಟ್ಟರ್ ನಿಂತು, ಇಪ್ಪತ್ತು ಬಾಗಿಲಿನವರ ಮುಂದೆ ಕೇಳಿದ. "ನಮ್ಮಮ್ಮಂಗೆ ಆ ಸೊಪ್ಪಿನ ಜಾಗ ತೋರ್ಸಿದ್ದು ಯಾರು?" ನನ್ನ ಬೆರಳುಗಳಲ್ಲಿ ಕರಪತ್ರದ ಮಸಿ ಇನ್ನೂ ಹೋಗಿರಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ನೀವು ಕೊಡ ಕೆಳಗಿಟ್ಟು, "ನಾನು" ಅಂದಿರಿ.

ಒಂದೇ ಪದ. ಅವನು ನಿಮ್ಮ ಕೊಡವನ್ನು ಒದ್ದ. ಅವತ್ತಿನಿಂದ ನಿಮ್ಮ ಸರದಿ ಬಂದಾಗ ನಲ್ಲಿಯಲ್ಲಿ ಯಾರೂ ಮಾತಾಡಲಿಲ್ಲ. ನಿಮ್ಮ ಕೈಯಿಂದ ಮಕ್ಕಳು ಏನಾದರೂ ತೆಗೆದುಕೊಂಡರೆ ತಾಯಂದಿರು ಕಿತ್ತು ಬಿಸಾಡುತ್ತಿದ್ದರು. ಎಷ್ಟೋ ತಿಂಗಳ ಮೇಲೆ, ಹೋರಾಟ ಅರ್ಧಂಬರ್ಧ ಗೆದ್ದು ಗೇಟು ತೆರೆದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ನೀವು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿನ್ ಮೇಲೆ ಬಿದ್ದಿದ್ರೆ ಹೋರಾಟ ಮುರೀತಿತ್ತು. ನನ್ ಮೇಲೆ ಬಿತ್ತು, ಬುಟ್ಟಿ ಮುರೀತು. ಅಷ್ಟೇ."

ಅಷ್ಟೇ! ಮತ್ತೆಂದೂ ನೀವು ಬುಟ್ಟಿ ಮುಟ್ಟಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ತುಕ್ಕು ಹಿಡಿದ ಬಣ್ಣದ ಡಬ್ಬಿಗಳಲ್ಲಿ ನಾಲ್ಕು ಗಿಡ ಬೆಳೆದುಕೊಂಡಿರಿ, ನೀವೇ ಬೀಜ ಹಾಕಿದ್ದು, ನೀವೊಬ್ಬರೇ ತಿಂದದ್ದು. ಅಣ್ಣನಿಗೂ ಬಡಿಸಲಿಲ್ಲ. ಆ ಡಬ್ಬಿಯ ದಂಟನ್ನೂ ಮುರಿದು ನೋಡಿಯೇ ಬೇಯಿಸುತ್ತಿದ್ದಿರಿ. ನಾನು ಊರೂರು ತಿರುಗಿ ಹಸಿವಿನ ಮೇಲೆ ಹನ್ನೊಂದು ಪುಸ್ತಕ ಬರೆದೆ. ಹಾರ ಹಾಕಿಸಿಕೊಂಡೆ. ಅನ್ನದ ರಾಜಕಾರಣದ ಬಗ್ಗೆ ಎರಡು ಗಂಟೆ ನಿಲ್ಲದೆ ಮಾತಾಡುವವಳಿಗೆ, ತಟ್ಟೆಯಲ್ಲಿರುವ ಸೊಪ್ಪಿನ ಹೂವು ಯಾವ ಬಣ್ಣ ಎಂದು ಗೊತ್ತಿರಲಿಲ್ಲ.

ಹಳದಿ, ಅತ್ತಿಗೆ. ಈಗ ಗೊತ್ತು. ಬಿಸಿಲೇರಿದ ಮೇಲೆ ಅರಳಿ, ಮಧ್ಯಾಹ್ನಕ್ಕೆ ಮುದುಡುತ್ತದೆ.

ಅಣ್ಣ ಹೋಗಿ, ನಿಮಗೆ ಮರೆವು ಹತ್ತಿ, ಹೋದ ವರ್ಷ ನಿಮ್ಮನ್ನು ಇಲ್ಲಿಗೆ ಕರೆತಂದೆ. ತಟ್ಟೆ ಮುಂದಿಟ್ಟರೆ ನೀವು ತಿನ್ನುತ್ತಿರಲಿಲ್ಲ. ಅಂಗಡಿಯಿಂದ ತಂದ ಸೊಪ್ಪನ್ನು ಬೇಯಿಸಿಟ್ಟರೆ ಬೆರಳಲ್ಲಿ ಹಿಸುಕಿ ನೋಡಿ ತಳ್ಳುತ್ತಿದ್ದಿರಿ. ಬೆಂದದ್ದನ್ನು ಮುರಿದು ನೋಡಲಾಗುವುದಿಲ್ಲವಲ್ಲ. ಅದು ಹೊಳೆದ ದಿನ ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಕೆಟ್ಟುಹೋದ ಬಟ್ಟೆ ಒಗೆಯುವ ಯಂತ್ರದ ತೊಟ್ಟಿಗೆ ಮಣ್ಣು ತುಂಬಿಸಿದೆ. ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಬೀಜ ಹಾಕಿದೆ. ಗಸಗಸೆಗಿಂತ ಸಣ್ಣದು, ಕಪ್ಪು. ಆಳಕ್ಕೆ ಹೂತು ಕೊಂದೆ. ಮತ್ತೆ ಹಾಕಿ, ಕೊಚ್ಚಿಹೋಗುವಷ್ಟು ನೀರು ಸುರಿದು ಕೊಂದೆ. ಮೂರನೇ ಸಲ ನೀವು ಮಣ್ಣಿನ ಮೇಲೆ ಸುಮ್ಮನೆ ಉದುರಿಸಿ ತೋರಿಸಿದಿರಿ, ಮುಚ್ಚಲೂ ಇಲ್ಲ. ಆರು ದಿನಕ್ಕೆ ಮೊಳಕೆ ಬಂತು. ಸಾವಿರಾರು ಜನರ ಮೆರವಣಿಗೆ ಕಂಡವಳು ನಾನು. ಆ ಕೆಂಪು ಕೂದಲಿನಂಥ ಮೊಳಕೆಗಳ ಮುಂದೆ ಮೈ ಜುಮ್ಮೆಂದಿತು. ಅನ್ನ ಅನ್ನ ಎಂದು ಇಷ್ಟು ವರ್ಷ ಕೂಗಿದೆನಲ್ಲ, ಅದು ಎಷ್ಟು ಸಣ್ಣ ಬಾಯಿ ತೆರೆದು ಹುಟ್ಟುತ್ತದೆ ಎಂದು ನೋಡಿರಲಿಲ್ಲ. ಬೆಳಿಗ್ಗೆ ಚಿವುಟಿದರೆ ಹುಳಿ, ಸಂಜೆ ಚಿವುಟಿದರೆ ಸಪ್ಪೆ. ಈ ಮಾತು ನನ್ನ ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ನಾಲಿಗೆಯಲ್ಲಿತ್ತು.

ತೊಟ್ಟಿಯ ಸೊಪ್ಪು ಸಾಲದೆ ಹೊರಗೂ ಹೋದೆ. ಹಳೆಯ ಆಟದ ಮೈದಾನದ ಗೋಡೆಯ ಬುಡ, ಮುಚ್ಚಿದ ಪೆಟ್ರೋಲ್ ಬಂಕಿನ ಹಿಂದೆ. ಒಂದು ಮಳೆಗಾಲ ಬರೀ ನೋಡಿದೆ, ಕೈ ಹಾಕಲಿಲ್ಲ. ಮೊಣಕಾಲೂರಿ ಕೂತ ಮುದುಕಿಯನ್ನು ಕಂಡು ಓಡಾಡುವವರು "ಏನ್ ಕಳ್ಕೊಂಡ್ರಿ ಅಜ್ಜಿ?" ಎಂದು ಕೇಳುತ್ತಾರೆ. ಏನೂ ಇಲ್ಲಪ್ಪ ಅನ್ನುತ್ತೇನೆ. ಈ ಮಳೆಗಾಲ ಚಿವುಟಲು ಶುರು ಮಾಡಿದೆ. ಪ್ರತಿ ದಂಟು ಮುರಿದು, ಬೆಳಕಿಗೆ ಹಿಡಿದು, ಮೂರರಲ್ಲೊಂದು. ಮೇಲೆ ಬಟ್ಟೆ ಮುಚ್ಚಿ ತಂದು ನಿಮ್ಮ ಮಡಿಲಿಗೆ ಹಾಕಿದರೆ ನೀವು ಇನ್ನೊಮ್ಮೆ ಎಲ್ಲವನ್ನೂ ಮುರಿದು ನೋಡಿ ಕೊಡುತ್ತಿದ್ದಿರಿ. ಬೇಯಿಸಿ ಉಪ್ಪು ಹಾಕಿದರೆ ಎರಡು ತುತ್ತು ತಿನ್ನುತ್ತಿದ್ದಿರಿ. ಮೂವತ್ತೊಂದು ವರ್ಷದ ಮೇಲೆ ನಮ್ಮಿಬ್ಬರ ನಡುವೆ ಒಂದು ಊಟ ಕೂಡಿಬಂದಿತ್ತು. ನನಗೆ ಅಹಂಕಾರ ಬಂತು. ಕಲಿತುಬಿಟ್ಟೆ ಅಂದುಕೊಂಡೆ.

ಕಳೆದ ಬುಧವಾರ ಮಳೆ ಬರುವ ಹಾಗಿತ್ತು. ಅವಸರದಲ್ಲಿ ಕೊನೆಯ ಎರಡು ಹಿಡಿಯನ್ನು ಮುರಿಯದೆ ಬುಟ್ಟಿಗೆ ಹಾಕಿಕೊಂಡು ಬಂದೆ. ನೀವು ಕಿಟಕಿಯ ಪಕ್ಕ ಕೂತು ಒಂದೊಂದೇ ಮುರಿಯುತ್ತಿದ್ದಿರಿ. ನಾನು ಒಲೆಯ ಮೇಲೆ ನೀರಿಟ್ಟು ಬಂದೆ. ನಿಮ್ಮ ಕೈ ನಿಂತಿತ್ತು. ಮುರಿದ ತುದಿಯಲ್ಲಿ ಒಂದು ಬಿಳಿ ಹನಿ. ನೀವು ಅದನ್ನೇ ನೋಡಿದಿರಿ, ಆಮೇಲೆ ನನ್ನನ್ನು ನೋಡಿದಿರಿ. ತಿಂಗಳುಗಳಿಂದ ನನ್ನ ಗುರುತು ಹಿಡಿಯದ ಕಣ್ಣು.

"ಯಾರು ಕಿತ್ತಿದ್ದು ಇದನ್ನ?"

ಅದೇ ನಲ್ಲಿ. ಅದೇ ಇಪ್ಪತ್ತು ಬಾಗಿಲು. ಈ ಸಲ ಕೈಯನ್ನು ಬೆನ್ನ ಹಿಂದೆ ಕಟ್ಟಲಿಲ್ಲ. ನಾನು ಅಂದೆ. ಮತ್ತೆ ಹೇಳಿದೆ, ನಾನು ಅತ್ತಿಗೆ, ಇದನ್ನೂ ನಾನೇ, ಅದನ್ನೂ ನಾನೇ. ಕರಪತ್ರ ನಾನು. ಅಜ್ಜಿಗೆ ಜಾಗ ತೋರಿಸಿದ್ದು ನಾನು. ನೀವು ಕ್ಷಮಿಸಲಿಲ್ಲ, ಅಳಲಿಲ್ಲ, ಬೈಯಲೂ ಇಲ್ಲ. ಬುಟ್ಟಿಯನ್ನು ಪೂರ್ತಿ ನನ್ನ ಕಡೆಗೆ ತಳ್ಳಿದಿರಿ. "ಮತ್ತೆ ನೋಡು. ಎಲ್ಲಾನೂ ಮುರಿದು ನೋಡು."

ನೆಲದ ಮೇಲೆ ಕೂತು ಎಲ್ಲವನ್ನೂ ಮುರಿದೆ. ಇನ್ನೊಂದು ಹನಿ ಹಾಲು ಸಿಗಲಿಲ್ಲ. ಬೇಯಿಸಿ ತರುವಷ್ಟರಲ್ಲಿ ನೀವು ಗೋಡೆಯ ಕಡೆ ತಿರುಗಿ ಮಲಗಿದ್ದಿರಿ. ಆಮೇಲೆ ನನ್ನ ಕೈಯ ಸೊಪ್ಪನ್ನು ನೀವು ತಿಂದಿಲ್ಲ. ಅವತ್ತಿನದನ್ನು ನಾನೊಬ್ಬಳೇ ತಿಂದೆ. ಬಿಸಾಡುವ ಹಕ್ಕು ನನಗಿರಲಿಲ್ಲ.

ಮೊನ್ನೆ ಫಿಟ್ಟರನ ಮನೆ ಹುಡುಕಿಕೊಂಡು ಹೋದೆ. ಕಿವಿ ಮಂದವಾಗಿದೆ, ಕೂಗಿ ಹೇಳಬೇಕಾಯಿತು. ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಅವನು ತನ್ನ ಕಾಲನ್ನು ನೋಡಿಕೊಂಡ. ಆ ಕಾಲಲ್ಲೇ ನಿಮ್ಮ ಕೊಡ ಒದ್ದದ್ದು. "ಮೂವತ್ತೊಂದು ವರ್ಷ ಆ ಹೆಣ್ಮಗಳ ಮುಖ ನೋಡ್ಲಿಲ್ಲ ನಾನು" ಅಂದ. "ಈಗ ಹೇಳ್ತೀಯಲ್ಲ. ಅವ್ರಿಗೆ ನನ್ನ ಗುರ್ತು ಹತ್ತೋ ಕಾಲ್ದಲ್ಲಿ ಹೇಳ್ಬೇಕಿತ್ತು." ಬಾಗಿಲು ಹಾಕಿಕೊಂಡ. ಬರುತ್ತಾನೆಂದು ಎರಡು ದಿನದಿಂದ ಕಾಯುತ್ತಿದ್ದೇನೆ. ಬರುವುದಿಲ್ಲ ಎಂದೂ ಗೊತ್ತು.

ಗೋಡೆಯಾಚೆ ಟಕ್ ನಿಂತಿದೆ. ಪೆನ್ಸಿಲ್ಲು ಮುಗಿದಿರಬೇಕು. ತೊಟ್ಟಿಯಲ್ಲಿ ನಾಲ್ಕು ಕುಡಿ ಬಂದಿವೆ, ನೀವೇ ಉದುರಿಸಿದ ಬೀಜದವು. ಮುರಿಯದೆ ಹಾಗೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ನೋಡುವ ಕೆಲಸ ನಿಮ್ಮದೇ ಇರಲಿ. ತಿನ್ನದಿದ್ದರೂ ಪರವಾಗಿಲ್ಲ.

ಎಲ್ಲರ ಪಾಲಿನದನ್ನೂ ಮುರಿದು ನೋಡಿದ ಆ ಬೆರಳುಗಳಿಗೆ ಇನ್ನಾದರೂ ನೋವಾಗದಿರಲಿ, ಅವುಗಳ ತುದಿಗೆ ಇನ್ನೆಂದೂ ಬಿಳಿ ಹನಿ ಅಂಟದಿರಲಿ.

ಬಟ್ಟೆ ಕಿತ್ತ ಕೈಯವಳು,
ನಿಮ್ಮ ನಾದಿನಿ, ಭಾಷಣ